ಒಳಗೆ ಬಂದರೆ ಎಂಜಿನ್ ಆರಿಸಬೇಕು

ಕಾಗದದ ಗೋದಾಮಿನಲ್ಲಿ ಒಂದು ನಿಯಮವಿತ್ತು. ಒಳಗೆ ಬಂದ ಲಾರಿ ಎಂಜಿನ್ ಆರಿಸಬೇಕು. ಹೊಗೆಯಿಂದ ಬಿಳಿ ಕಾಗದದ ಸುರುಳಿಗಳು ಮಾಸುತ್ತವೆ, ಕಿಡಿ ಹಾರಿದರಂತೂ ಕೇಳುವುದೇ ಬೇಡ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಲಾರಿಯಲ್ಲಿ. ಒಮ್ಮೆ ಆರಿಸಿದರೆ ಅದು ಮತ್ತೆ ಸ್ಟಾರ್ಟ್ ಆಗುತ್ತದೆಂಬ ನಂಬಿಕೆ ಅದನ್ನು ಓಡಿಸುವವನಿಗೇ ಉಳಿದಿರಲಿಲ್ಲ.

ಹೋದ ವಾರ ಲೋಡ್ ತುಂಬಿದ ಮೇಲೆ ಕೀಲಿ ತಿರುಗಿಸಿದಾಗ ‘ಟಕ್’ ಎಂದು ಒಂದು ಸದ್ದು ಬಂತು, ಅಷ್ಟೇ. ಹಮಾಲಿಗಳು ಹಿಂದಿನಿಂದ ತಳ್ಳಿದರು, ಕದಲಲಿಲ್ಲ. ಕೊನೆಗೆ ಇನ್ನೊಂದು ಲಾರಿಗೆ ಸರಪಳಿ ಕಟ್ಟಿ ಹೊರಗೆ ಎಳೆಸಬೇಕಾಯಿತು. ಅಷ್ಟು ಹೊತ್ತೂ ಹಿಂದೆ ಸಾಲಿನಲ್ಲಿದ್ದ ಲಾರಿಗಳವರು ಹಾರ್ನ್ ಹೊಡೆಯುತ್ತಲೇ ಇದ್ದರು.

“ಇನ್ನೊಂದ್ಸಲ ಹೀಗಾದ್ರೆ ಗೇಟಿನ ಹತ್ರಾನೇ ಬರ್ಬೇಡಪ್ಪ,” ಎಂದಿದ್ದ ಸೂಪರ್‌ವೈಸರ್. “ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಅವರೆಲ್ಲ ಬೈಯೋದು ನನ್ನನ್ನ.”

ಡ್ರೈವರನಿಗೆ ಖಾಯಂ ಆಗಿ ಸಿಗುತ್ತಿದ್ದ ಕೆಲಸ ಅದೊಂದೇ. ಅದು ಹೋದರೆ ಲಾರಿ ಸ್ಟ್ಯಾಂಡಿನಲ್ಲಿ ಯಾರಾದರೂ ಕರೆಯುತ್ತಾರೆಯೇ ಎಂದು ಕಾಯುತ್ತ ಕೂರಬೇಕು. ಇಷ್ಟು ಹಳೆಯ ಲಾರಿಯನ್ನು ಕರೆಯುವವರು ಕಡಿಮೆ.

ಗೋದಾಮಿನ ಹೊರಗೆ ಹೇಗೋ ನಿಭಾಯಿಸುತ್ತಿದ್ದ. ಊರಿನ ಇಳಿಜಾರುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಎಲ್ಲಿ ನಿಲ್ಲಿಸಿದರೆ ಬ್ರೇಕ್ ಬಿಟ್ಟ ಕೂಡಲೇ ಉರುಳುತ್ತದೆ, ಎಲ್ಲಿ ಉರುಳಿದರೂ ಎರಡನೇ ಗೇರಿಗೆ ಹಾಕಿ ಸ್ಟಾರ್ಟ್ ಮಾಡಲು ವೇಗ ಸಾಲದು, ಎಲ್ಲ ಲೆಕ್ಕ ಇತ್ತು. ಸಮತಟ್ಟಾದ ಜಾಗದಲ್ಲಿ ಎಂಜಿನ್ ಓಡುತ್ತಿರುವಾಗಲೇ ಚಹಾ ಕುಡಿಯುತ್ತಿದ್ದ, ಊಟವನ್ನೂ ಮಾಡುತ್ತಿದ್ದ. ಮನೆಗೆ ಬಂದರೂ ಅವನ ಗೊಣಗಾಟ ನಿಲ್ಲುತ್ತಿರಲಿಲ್ಲ. “ಹೊಸಿಲು ದಾಟಿದ ಮೇಲಾದ್ರೂ ನಿಮ್ಮ ಎಂಜಿನ್ ಆಫ್ ಮಾಡ್ರೀ,” ಎನ್ನುತ್ತಿದ್ದಳು ಹೆಂಡತಿ.

ಲಾರಿ ಮೊದಲು ಅವಳ ಅಪ್ಪನದು. ಕಣ್ಣು ಮಂಜಾಗುವವರೆಗೂ ಅವರೇ ಓಡಿಸಿ, ಆಮೇಲೆ ಕೀಲಿಯನ್ನು ಕಿರಿಯ ಅಳಿಯನಿಗೆ ಕೊಟ್ಟರು. ಕೀಲಿ ಮಾತ್ರ ಕೊಟ್ಟರು, ಅಭಿಪ್ರಾಯಗಳನ್ನು ತಮ್ಮಲ್ಲೇ ಇಟ್ಟುಕೊಂಡರು.

“ಲಾರಿಗೆ ಕೈ ಗೊತ್ತಾಗುತ್ತೆ ಅಳಿಯಂದಿರೆ,” ಎನ್ನುತ್ತಿದ್ದರು. “ನನ್ನ ಕಾಲದಲ್ಲಿ ಕೀಲಿ ಮುಟ್ಟಿದ್ರೆ ಸಾಕಿತ್ತು. ನೀವು ಅದನ್ನ ಹೆದರಿಸ್ತೀರಿ.”

ಎರಡೂ ಬ್ಯಾಟರಿ ಬದಲಾಗಿದ್ದವು. ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟಾರನ್ನು ಬಿಚ್ಚಿ ಹೊಸದಾಗಿ ತಂತಿ ಸುತ್ತಿಸಿದ್ದಾಗಿತ್ತು. ಪ್ರತಿ ರಿಪೇರಿಯ ನಂತರವೂ ಕೆಲವು ದಿನ ನೆಮ್ಮದಿ, ಆಮೇಲೆ ಮತ್ತೆ ಅದೇ ‘ಟಕ್’.

ಆ ದಿನ ಬೆಳಿಗ್ಗೆ ಅವನು ಲಾರಿಯನ್ನು ತನ್ನ ಷಡ್ಡಕನ ಅಂಗಡಿಗೆ ತಂದ. ಮಾವನೂ ಜೊತೆಗೆ ಹತ್ತಿಕೊಂಡಿದ್ದರು. ಹಿರಿಯ ಅಳಿಯ ವಾಹನಗಳ ಎಲೆಕ್ಟ್ರಿಷಿಯನ್. ಪಂಕ್ಚರ್ ಅಂಗಡಿಯ ಪಕ್ಕದ ಶೆಡ್ಡು ಅವನದು. ನೆಂಟರ ಗಾಡಿಗಳ ಸರದಿ ಅಲ್ಲಿ ಯಾವಾಗಲೂ ಕೊನೆಗೆ. ಇಷ್ಟು ದಿನ ಇವರು ‘ಮೋಟಾರು ಹೋಗಿದೆ’ ಎಂದರೆ ಮೋಟಾರು, ‘ಬ್ಯಾಟರಿ’ ಎಂದರೆ ಬ್ಯಾಟರಿ, ಅಷ್ಟನ್ನೇ ನೋಡಿ ಕಳಿಸಿದ್ದ.

“ಅಣ್ಣ, ಮಧ್ಯಾಹ್ನ ಗೋದಾಮಿಂದ ಲೋಡ್ ಇದೆ. ಇವತ್ತು ಕೈಕೊಟ್ರೆ ಮುಗೀತು. ಬೇರೆ ಗಾಡಿ ಇಟ್ಕೋತಾರೆ,” ಎಂದ ಡ್ರೈವರ್.

ಎಲೆಕ್ಟ್ರಿಷಿಯನ್ ಅವನ ಮುಖ ನೋಡಿದ. ಕೈಲಿದ್ದ ಆಟೋವಿನ ಕೆಲಸ ಬಿಟ್ಟು ಎದ್ದ. “ಮೊದಲ್ನಿಂದ ನೋಡೋಣ. ಯಾರೂ ಏನೂ ಹೇಳ್ಬೇಡಿ. ಮಾವ, ನೀವೂ ಅಷ್ಟೇ.”

“ನಾನ್ಯಾಕೆ ಹೇಳ್ಲಿ? ನನ್ನ ಮಾತು ಕೇಳೋರು ಯಾರಿದಾರೆ?” ಎಂದು ಮಾವ ಅಂಗಡಿ ಮುಂದಿನ ಬೆಂಚಿನಲ್ಲಿ ಕೂತರು.

ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣದ ಮೇಲೆ ಇಟ್ಟು, “ಹೊಡಿ ಸೆಲ್ಫು,” ಎಂದ. ಡ್ರೈವರ್ ಕೀಲಿ ತಿರುಗಿಸಿದ. ‘ಟಕ್’. ಮೀಟರು ಹತ್ತು ವೋಲ್ಟಿನ ಹತ್ತಿರ ತೋರಿಸಿತು.

“ಇಲ್ಲಿ ಹೆಚ್ಚೂಕಡಿಮೆ ಸೊನ್ನೆ ಇರ್ಬೇಕು ಕಣೋ.”

“ಅಂದ್ರೆ?”

“ಬ್ಯಾಟರಿಯಿಂದ ಹೊರಟ ಕರೆಂಟು ಸೆಲ್ಫಿಗೆ ಹೋಗಿ, ಎಂಜಿನ್ ಮೈಮೇಲಿಂದ ವಾಪಸ್ ಬ್ಯಾಟರಿಗೆ ಬರ್ಬೇಕು. ಬರೋ ದಾರಿ ಕಟ್ಟಿದೆ. ಹಬ್ಬ ಮುಗಿದ್ರೂ ಹೊರಡದ ನೆಂಟರ ಥರ ಅಲ್ಲೇ ಕೂತಿದೆ.”

“ನನ್ನನ್ನ ನೋಡ್ಕೊಂಡು ಹೇಳ್ತಿದೀರೋ?” ಎಂದರು ಮಾವ ಬೆಂಚಿನಿಂದ.

ಇನ್ನೆರಡು ಸಲ ಸೆಲ್ಫ್ ಹೊಡೆಸಿ, ಎಲೆಕ್ಟ್ರಿಷಿಯನ್ ಆಕ್ಸಿಲರೇಟರ್ ಕೇಬಲ್ ಮುಟ್ಟಿ ತಟ್ಟನೆ ಕೈ ತೆಗೆದ. ಸುಡುತ್ತಿತ್ತು. ಸರಿಯಾದ ದಾರಿ ಸಿಗದೆ ಕರೆಂಟು ಆ ತೆಳ್ಳನೆಯ ಕೇಬಲ್ಲಿನಲ್ಲಿ ನುಗ್ಗುತ್ತಿತ್ತು. “ಪಾಪ, ಇದೊಂದರ ಮೇಲೆ ಎಲ್ಲ ಹೊರೆ ಬಿದ್ದಿದೆ,” ಎಂದ.

ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿಗೆ ನೇರವಾಗಿ ಒಂದು ದಪ್ಪ ಕೇಬಲ್ ಹಿಡಿದಾಗ ಸೆಲ್ಫ್ ಗಿರ್ರನೆ ತಿರುಗಿ ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಡ್ರೈವರನಿಗೆ ಸಂತೋಷವೇನೂ ಆಗಲಿಲ್ಲ. ಎಂಜಿನ್ ಆರಿಸಿ, ಕೆಳಗಿಳಿದು, ಫುಟ್‌ಬೋರ್ಡಿನ ಮೇಲೆ ಕೂತ. ಇಷ್ಟಕ್ಕಾಗಿಯೇ ಇಷ್ಟೆಲ್ಲ ತಿಂಗಳು ನಿದ್ದೆಗೆಟ್ಟದ್ದೇ ಎಂದುಕೊಂಡ.

ಎಲೆಕ್ಟ್ರಿಷಿಯನ್ ಲಾರಿಯಡಿ ನುಸುಳಿ, ಎಂಜಿನ್ನಿಗೂ ಲಾರಿಯ ಕಬ್ಬಿಣದ ಚೌಕಟ್ಟಾದ ಚಾಸಿಗೂ ನಡುವಿನ ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದ. ಕರೆಂಟು ವಾಪಸಾಗಬೇಕಾದ ದಾರಿ ಅದೇ. ಸ್ವಲ್ಪ ಹೊತ್ತಾದ ಮೇಲೆ, “ಬಾ ಇಲ್ಲಿ,” ಎಂದು ಪಿಸುಗುಟ್ಟಿದ.

ಪಟ್ಟಿ ಕೂರುವ ಜಾಗದಲ್ಲಿ ಚಾಸಿಯ ಮೇಲೆ ಕಡುಹಸಿರು ಬಣ್ಣ ಒಂದಿಷ್ಟೂ ಎದ್ದಿರದೆ ನುಣ್ಣಗೆ ಹೊಳೆಯುತ್ತಿತ್ತು. ಹಿಂದಿನ ಸಲದ ವಾಹನ ತಪಾಸಣೆಗೆ ಮುಂಚೆ ಮಾವ ವಾರಗಟ್ಟಲೆ ಕೂತು, ಕೈಯಲ್ಲೇ ತಡವಿ ನೋಡುತ್ತ, ಚಾಸಿಗೆಲ್ಲ ಬಣ್ಣ ಬಳಿದಿದ್ದರು. ಸೋಮಾರಿಯಾಗಿದ್ದರೆ ಬೋಲ್ಟಿನ ಮೇಲಿಂದಲೇ ಬಳಿದು ಮುಗಿಸುತ್ತಿದ್ದರು, ಲಾರಿಗೆ ಏನೂ ಆಗುತ್ತಿರಲಿಲ್ಲ. ಇವರು ಬೋಲ್ಟ್ ಬಿಚ್ಚಿ, ಪಟ್ಟಿ ಸರಿಸಿ, ಅಡಿಗೂ ಬಳಿದು, ಒಣಗಿಸಿ, ಮತ್ತೆ ಬಿಗಿಯಾಗಿ ಕಟ್ಟಿದ್ದರು. ಬೋಲ್ಟಿನ ತಿರುಪುಗಳ ಮೂಲಕ ಅಷ್ಟಿಷ್ಟು ಕರೆಂಟು ಹರಿಯುತ್ತಿತ್ತು. ತುಕ್ಕು ಬಂದಂತೆ ಅದೂ ಕಡಿಮೆಯಾಯಿತು. ಹಾಗಾಗಿ ತೊಂದರೆ ತಡವಾಗಿ ಶುರುವಾಗಿತ್ತು. ಯಾರಿಗೂ ಬಣ್ಣದ ನೆನಪಾಗಿರಲಿಲ್ಲ.

ಡ್ರೈವರ್ ಬೆಂಚಿನ ಕಡೆ ನುಸುಳಿ ಹೊರಡಲು ನೋಡಿದ.

“ಸುಮ್ನಿರು,” ಎಂದ ಷಡ್ಡಕ. “ವಯಸ್ಸಾದೋರು. ಸಡಿಲ ಆಗಿತ್ತು ಅಂದ್ಬಿಡ್ತೀನಿ.” ಹಾಗೇ ಕೂಗಿ ಹೇಳಿದ.

“ನಾನು ಆವತ್ತೇ ಹೇಳಿದ್ದೆ!” ಎಂದರು ಮಾವ. “ಬಿಗಿ ಮಾಡೋಕೂ ಬರ್ಬೇಕು ಜನಕ್ಕೆ.”

ಎಮರಿ ಕಾಗದದಿಂದ ಕಬ್ಬಿಣ ಬೆಳ್ಳಗಾಗುವವರೆಗೂ ಉಜ್ಜಿ, ಪಟ್ಟಿಯನ್ನು ಕಟ್ಟಿ, ಮೇಲೆ ಗ್ರೀಸ್ ಸವರಿದರು. ಮೀಟರು ಈಗ ಕಾಲು ವೋಲ್ಟನ್ನೂ ದಾಟಲಿಲ್ಲ.

ಮಧ್ಯಾಹ್ನ ಗೋದಾಮಿನೊಳಗೆ ಡ್ರೈವರ್ ಎಂಜಿನ್ ಆರಿಸಿದ. ಸುರುಳಿಗಳು ಒಂದೊಂದಾಗಿ ಲಾರಿಯ ಹಿಂಭಾಗಕ್ಕೆ ಏರಿದವು. ಒಂದೊಂದಕ್ಕೂ ಲಾರಿ ಒಂದಿಷ್ಟು ತಗ್ಗಿತು. ಹಿಂದೆ ಆಗಲೇ ಎರಡು ಲಾರಿ ನಿಂತಿದ್ದವು. ಸೂಪರ್‌ವೈಸರ್ ಕೈಕಟ್ಟಿಕೊಂಡು ಬಾನೆಟ್ಟಿನ ಪಕ್ಕ ಬಂದು ನಿಂತ. ಮಾವ ಮಾತ್ರ ಕ್ಯಾಬಿನ್ನಿನಲ್ಲಿ ನಿರಾಳವಾಗಿ ಕೂತಿದ್ದರು.

ಡ್ರೈವರ್ ಕೀಲಿ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು.

ಸೂಪರ್‌ವೈಸರ್ ಇವನನ್ನು ನೋಡಲೂ ಇಲ್ಲ, ಹಿಂದಿನ ಲಾರಿಗೆ ಬಾ ಎಂದು ಕೈ ಮಾಡಿದ.

“ನೋಡಿದ್ರಾ? ನಾನು ಪಕ್ಕದಲ್ಲಿ ಕೂತಿದ್ದೆ,” ಎಂದರು ಮಾವ. “ಮಳೆಗೆ ಮುಂಚೆ ಅಡಿಗೆಲ್ಲ ಇನ್ನೊಂದ್ಸಲ ಬಣ್ಣ ಹೊಡೀತೀನಿ ಅಳಿಯಂದಿರೆ. ಡಬ್ಬಿ ತಂದಿಟ್ಟಾಗಿದೆ.”

ಗೇಟಿನಲ್ಲಿ ಕಾವಲುಗಾರ ಚೀಟಿ ನೋಡುವವರೆಗೆ ನಿಲ್ಲಬೇಕಿತ್ತು. ಇಷ್ಟು ದಿನ ಮನಸ್ಸಿನಲ್ಲೇ ಕೂಗಾಡಿದ್ದ ಡ್ರೈವರನಿಗೆ ಈಗ ಕೂಗುವ ಶಕ್ತಿ ಇರಲಿಲ್ಲ. ದಾರಿ ಕೇಳಿದವರಿಗೆ ಹೇಳುವ ದನಿಯಲ್ಲಿ ಹೇಳಿದ: “ಹೊಡೀರಿ ಮಾವ. ಅರ್ತಿಂಗ್ ಪಟ್ಟಿ ಅಡಿಗೆ ಮಾತ್ರ ಬೇಡ. ಬಣ್ಣದಲ್ಲಿ ಕರೆಂಟು ಹರಿಯಲ್ಲ. ಆಗಿದ್ದು ಅದೇ.”

ಮಾವ ಮುಂದಿನ ಗಾಜನ್ನೇ ನೋಡುತ್ತ ಕೂತರು.

“ಸಡಿಲ ಆಗಿರ್ಲಿಲ್ವಾ?”

“ಇಲ್ಲ. ನೀವು ಬಿಗಿಯಾಗೇ ಕಟ್ಟಿದ್ರಿ.”

“ಅಡಿಯಿಂದ ತುಕ್ಕು ಹಿಡೀಬಾರ್ದು ಅಂತ...”

“ಗೊತ್ತು ಮಾವ.”

“ಹಾಗಾದ್ರೆ ಬ್ಯಾಟರಿ, ಮೋಟಾರು ಎಲ್ಲ?”

“ದಂಡ.”

ಕಾವಲುಗಾರ ಚೀಟಿ ಹಿಂದಕ್ಕೆ ಕೊಟ್ಟ. ಮಾವ ದನಿ ತಗ್ಗಿಸಿದರು. “ಅವಳಿಗೆ ಹೇಳ್ಬೇಡಿ.”

“ನಾನು ಹೇಳಲ್ಲ. ನೀವೇ ಹೇಳಿ.”

“ಊಟ ಆದ್ಮೇಲೆ ಹೇಳ್ತೀನಿ,” ಎಂದರು ಅವಳ ಅಪ್ಪ. “ಮೊದಲೇ ಹೇಳಿದ್ರೆ ಬಡಿಸಲ್ಲ.”

ಡ್ರೈವರ್ ಗೇರ್ ಹಾಕಿದ. ಲಾರಿ ತುಂಬಿತ್ತು, ಲೋಡ್ ಇಳಿಸಬೇಕಾದ ಮುದ್ರಣಾಲಯ ಊರಿನ ಆ ತುದಿಗಿತ್ತು.