ತಣ್ಣನೆಯ ಇಂಜಿನ್ನಿಗೆ ಹೊಸ ಚೋಕ್

ಗಂಡ ಗಡ್ಡ ಹೆರೆದು, ಪೇಪರನ್ನು ಕೊನೆಯ ಪುಟದವರೆಗೆ ಓದಿ, ಷೂಗೆ ಪಾಲಿಶ್ ತಿಕ್ಕಿದ ಮೇಲಷ್ಟೇ ಟೈಲರ್ ಅಂಗಡಿಯ ಷಟರ್ ಏಳುತ್ತಿತ್ತು. ಟೈಲರ್ ಅವನಲ್ಲ, ಅವನ ಹೆಂಡತಿ. ಅವನು ಆಫೀಸಿನಿಂದ ನಿವೃತ್ತನಾದ ಗುಮಾಸ್ತ. ಅವಳು ಪರದೆ, ಸೋಫಾದ ಹೊದಿಕೆ, ಆಸ್ಪತ್ರೆಯ ಹಾಸಿಗೆಬಟ್ಟೆ ಹೊಲಿಯುವವಳು. ಮನೆ ಊರಿನ ಒಂದು ತುದಿ, ಅಂಗಡಿ ಇನ್ನೊಂದು ತುದಿ. ಅವಳ ಬಟ್ಟೆಯ ಗಂಟುಗಳನ್ನು ಕಂಡರೆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿಯುತ್ತಿದ್ದ. ಹಾಗಾಗಿ ಕಾರೇ ಗತಿ.

ಕಾರು ಮಾವನ ಕಾಲದ್ದು. ಮೂಗು ಉದ್ದ, ಬಾಗಿಲು ಭಾರ, ಬಣ್ಣ ಮಾತ್ರ ಇನ್ನೂ ಹೊಳೆಯುತ್ತಿತ್ತು. ಬೆಳಿಗ್ಗೆ ಎದ್ದವನೇ ಗಂಡ ಹೆಗಲಿಗೆ ಟವೆಲ್ ಹಾಕಿಕೊಂಡು ಶೆಡ್ಡಿಗೆ ಹೋಗಿ ಅದನ್ನು ಎಬ್ಬಿಸುತ್ತಿದ್ದ. ತಣ್ಣಗಿನ ಇಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಚೋಕಿನ ಗುಂಡಿ ಎಳೆಯುವುದು, ಸ್ವಲ್ಪ ಬಿಡುವುದು, ಮತ್ತೆ ಕೂದಲೆಳೆಯಷ್ಟು ಎಳೆಯುವುದು. ಇಂಜಿನ್ ಬಿಸಿಯಾದ ಮೇಲೆ ಮನೆಯವರು ಯಾರು ಬೇಕಾದರೂ ಓಡಿಸಬಹುದು. ಅವಳೂ ಓಡಿಸುತ್ತಿದ್ದಳು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು. ತಣ್ಣಗಿರುವಾಗ ಮಾತ್ರ ಯಾರೂ ಬಾನೆಟ್ಟಿನ ಹತ್ತಿರವೂ ಸುಳಿಯುವಂತಿರಲಿಲ್ಲ.

"ನಾನೊಬ್ಳೇ ತಗೊಂಡು ಹೋಗ್ತೀನಿ" ಎಂದು ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ.

"ಸಂಜೆ ಅಂಗಡಿ ಮುಂದೆ ತಣ್ಣಗಾಗಿ ನಿಂತಿರುತ್ತಲ್ಲ, ಆಗೇನ್ಮಾಡ್ತೀಯ? ಬಟ್ಟೆ ಇಸ್ತ್ರಿ ಮಾಡ್ದಂಗೆ ಬಿಸಿ ಮಾಡ್ತೀಯಾ? ಅದು ನನ್ನ ಕೈಗೆ ಮಾತ್ರ ಬಗ್ಗೋ ಗಾಡಿ ಕಣೇ."

ಒಂದು ದಿನ ಲಾಡ್ಜಿನ ಮ್ಯಾನೇಜರ್ ಮುಚ್ಚಿದ ಷಟರಿನ ಮುಂದೆ ಕಾದು ಕಾದು, ಎಲ್ಲ ಕೋಣೆಗಳ ಪರದೆಯ ಕೆಲಸವನ್ನು ಎದುರಿನ ಅಂಗಡಿಗೆ ಕೊಟ್ಟು ಹೋದ. ಅವಳು ಬಂದಾಗ ಎದುರಿನವನು ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಹಲ್ಲು ಕಿರಿಯುತ್ತಿದ್ದ. ಅವಳು ಷಟರ್ ಕೂಡ ಎತ್ತದೆ ನೇರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ನಡೆದಳು.

ಆ ಅಂಗಡಿಯವನಿಗೆ ಬೀದಿಯೆಲ್ಲ ಸೈಲೆನ್ಸರ್ ಎನ್ನುತ್ತಿತ್ತು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರದ ಕಾರಣಕ್ಕೆ.

"ಎಲೆಕ್ಟ್ರಿಕ್ ಚೋಕ್ ಇರೋ ಕಾರ್ಬ್ಯುರೇಟರ್ ಹಾಕ್ಬಿಡು ಅಕ್ಕ. ಗುಂಡಿ ಇಲ್ಲ, ಎಳೆಯೋದಿಲ್ಲ, ಗಂಡನ ಕೈಗುಣ ಬೇಕಿಲ್ಲ. ಈ ಕಪ್ಪು ಮುಚ್ಚಳದೊಳಗೆ ಸ್ಪ್ರಿಂಗ್ ಸುರುಳಿ ಇದೆ. ತಣ್ಣಗಿದ್ರೆ ಅದು ಗಾಳಿ ಹೋಗೋ ಬಿಲ್ಲೆನ ಮುಚ್ಚುತ್ತೆ. ಕೀ ತಿರುಗಿಸಿದ್ರೆ ಕರೆಂಟ್ ಬಂದು ಸುರುಳಿ ಬಿಸಿಯಾಗುತ್ತೆ, ಬಿಲ್ಲೆ ಮೆಲ್ಲಗೆ ತಾನೇ ತೆರ್ಕೊಳ್ಳುತ್ತೆ. ವೈರನ್ನ ಮಾತ್ರ ಕೀ ಆನ್ ಮಾಡಿದಾಗಷ್ಟೇ ಕರೆಂಟ್ ಬರೋ ಕಡೆ ಕೊಡು. ಸೀದಾ ಬ್ಯಾಟರಿಗೆ ಕೊಟ್ರೆ ರಾತ್ರಿಯೆಲ್ಲ ಬ್ಯಾಟರಿ ಕುಡಿದುಬಿಡುತ್ತೆ."

"ನೀನೇ ಬಂದು ಹಾಕು."

"ಅಯ್ಯೋ, ಯಜಮಾನ್ರು ನನ್ನನ್ನ ಗೇಟಿಗೇ ನೇತು ಹಾಕ್ತಾರೆ. ನೀನು ಹೊಲಿಗೆ ಮಿಷನ್ ಬಿಚ್ಚಿ ಜೋಡಿಸೋಳು, ನಾಲ್ಕು ನಟ್ಟು ನಿನಗ್ಯಾವ ಲೆಕ್ಕ?"

ಮರುದಿನ ಗಂಡ ಕಾರಿನಿಂದಿಳಿದು ಕಣ್ಣಿನ ಡಾಕ್ಟರ ಹತ್ತಿರ ಹೋದದ್ದೇ ತಡ, ಅವಳು ಬಾನೆಟ್ ಎತ್ತಿದಳು. ಹಳೆಯ ಕಾರ್ಬ್ಯುರೇಟರ್ ಬಿಚ್ಚಿ, ಅಂಟಿಕೊಂಡಿದ್ದ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ಕೆರೆದು, ಸೈಲೆನ್ಸರನ ಅಂಗಡಿಯಿಂದ ತಂದ ಹೊಸ ಕಾರ್ಬ್ಯುರೇಟರ್ ಕೂರಿಸಿದಳು. ಪೆಟ್ರೋಲ್ ಪೈಪು ಸಿಕ್ಕಿಸಿ, ಕರೆಂಟ್ ಇದ್ದಲ್ಲಿ ಉರಿಯುವ ಟೆಸ್ಟ್ ಲ್ಯಾಂಪ್ ಹಿಡಿದು ಸರಿಯಾದ ಜಾಗ ಹುಡುಕಿ ವೈರು ಕೊಟ್ಟಳು. ಇಂಜಿನ್ ಒಂದೇ ಏಟಿಗೆ ಎದ್ದಿತು. ಮುಚ್ಚಳ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಕರೆಂಟ್ ಬರುತ್ತಿದೆ ಎಂದು ಹಿಗ್ಗಿದಳು. ಆಮೇಲೆ ಇಂಜಿನ್ ನಿಲ್ಲಿಸಿ, ಬಿಲ್ಲೆ ಮುಚ್ಚಿರಬೇಕಲ್ಲ ಎಂದು ಮುಚ್ಚಳದ ಮೂರು ಸ್ಕ್ರೂ ಸಡಿಲಿಸಿ, ಅದು ಮುಚ್ಚುವವರೆಗೆ ತಿರುಗಿಸಿ ಬಿಗಿ ಮಾಡಿದಳು. ಕೈಗೆ ಮೆತ್ತಿದ ಮಸಿಯನ್ನು ಒರೆಸದೆ ಗಂಡನಿಗೆ ತೋರಿಸಬೇಕೆಂದು ಹಾಗೇ ಕೂತಳು.

ಅವನು ಬಂದು ನೋಡಿದ, ಕೂಗಾಡಲಿಲ್ಲ. ಅದೇ ಅವಳಿಗೆ ಕೆಟ್ಟದಾಗಿ ಕಂಡದ್ದು.

ಬೆಳಿಗ್ಗೆ ಅವನೇ ಕೀ ಕೈಗಿತ್ತು "ಎಬ್ಬಿಸು ನೋಡೋಣ" ಎಂದ. ಕಾರು ಎದ್ದಿತು, ಕೆಮ್ಮಿತು, ಶೆಡ್ಡಿನ ತುಂಬ ಕರಿ ಹೊಗೆ ಕಕ್ಕಿ ಸತ್ತಿತು. ಮತ್ತೆ ತಿರುಗಿಸಿದಳು. ಪೆಟ್ರೋಲ್ ವಾಸನೆ ಮೂಗಿಗೆ ಅಡರಿತು, ಅಷ್ಟೇ. ಪ್ಲಗ್ ಬಿಚ್ಚಿದರೆ ಒದ್ದೆ. ಗಂಡ ಟವೆಲಿನಿಂದ ಕಣ್ಣೊರೆಸಿಕೊಂಡು ನಕ್ಕ.

"ನಾಳೆ ಹಳೇದನ್ನೇ ಹಾಕಿಸ್ತೀನಿ. ನೀನು ಪರದೆ ಹೊಲ್ಕೊಂಡಿರು. ಅಲ್ಲಾ, ಪರದೇನೂ ಎದುರಿನವನಿಗೆ ಹೋಯ್ತಲ್ಲ!"

ಆ ಮಾತು ಅವಳಿಗೆ ಸೂಜಿ ಚುಚ್ಚಿದ ಹಾಗಾಯಿತು. ಅವಳು ಸೈಲೆನ್ಸರನಿಗೆ ಫೋನ್ ಹಚ್ಚಿ ಬೈದಳು. ಅವನು ತನ್ನ ಪಾಲಿನ ಬೈಗುಳ ತಿಂದು ಕೇಳಿದ.

"ಅದಿರ್ಲಿ, ಮುಚ್ಚಳ ಕೂರಿಸಿದ್ದು ಇಂಜಿನ್ ತಣ್ಣಗಿದ್ದಾಗ ತಾನೇ?"

"ಇಲ್ಲ, ಬಿಸಿ ಇದ್ದಾಗ."

"ಅಕ್ಕ! ಬಿಸಿ ಸುರುಳಿ ಆಗಲೇ ಸಡಿಲವಾಗಿರುತ್ತೆ. ಅದನ್ನ ತಿರುಗಿಸಿ ತಿರುಗಿಸಿ ಬಿಲ್ಲೆ ಮುಚ್ಚಿಸಿದ್ರೆ, ತಣ್ಣಗಾದಾಗ ಗಂಟಲು ಹಿಚುಕಿದಂಗೆ ಹಿಡ್ಕೊಳ್ಳುತ್ತೆ. ಗಾಳಿ ಇಲ್ಲ, ಬರೀ ಪೆಟ್ರೋಲ್. ಯಾರಾದ್ರೂ ಬಿಸಿ ಇಂಜಿನ್ನಿಗೆ ಚೋಕ್ ಕೂರಿಸ್ತಾರಾ?"

ಆ ಮನೆಯಲ್ಲಿ ಕೂರಿಸುತ್ತಾರೆ. ಮದುವೆಯಾಗಿ ಬಂದಾಗಿನಿಂದ ಆ ಕಾರನ್ನು ತಣ್ಣಗೆ ಮುಟ್ಟಿದವಳೇ ಅಲ್ಲ ಅವಳು. ಬಿಸಿ ಮಾಡಿ ಕೊಟ್ಟದ್ದನ್ನು ಮಾತ್ರ ಮುಟ್ಟಿ ಗೊತ್ತು. ಇಂಜಿನ್ ಬೆಚ್ಚಗಿರುತ್ತದೆ ಎನ್ನುವುದು ಅವಳಿಗೆ ಹಾಲು ಬೆಳ್ಳಗಿರುತ್ತದೆ ಎನ್ನುವಷ್ಟೇ ಸಹಜವಾಗಿತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ಸೇರಬೇಕಾದ ಕಡೆ ಸೇರಿತು.

ಮರುದಿನ ಗಂಡ ಟವೆಲ್ ಹಾಕಿಕೊಂಡು ಶೆಡ್ಡಿಗೆ ಬಂದಾಗ ಬಾನೆಟ್ ಆಗಲೇ ಎದ್ದು ನಿಂತಿತ್ತು. ಒಣಗಿಸಿದ ಪ್ಲಗ್ಗುಗಳು ತಮ್ಮ ಜಾಗದಲ್ಲಿದ್ದವು. ಹೆಂಡತಿ ಏರ್ ಫಿಲ್ಟರ್ ಬಿಚ್ಚಿಟ್ಟು, ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದಳು.

"ಆ ಕಡೆ ಸರಿ. ಮೊದಲು ಬಿಸಿ ಮಾಡ್ಕೊಡ್ತೀನಿ, ಆಮೇಲೆ ಏನು ಬೇಕಾದ್ರೂ ಕುಟ್ಟು. ಕೀ ಎಲ್ಲಿ?"

"ನನ್ನ ಹತ್ರ ಇದೆ."

"ಕೊಡು."

"ಕೊಡಲ್ಲ."

"ಏನಂದೆ?"

"ಕೊಡಲ್ಲ ಅಂದೆ. ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ರಲ್ಲ, ಕಿವಿ ಡಾಕ್ಟ್ರನ್ನೂ ನೋಡ್ಕೊಂಡು ಬರ್ಬೇಕಿತ್ತು."

"ನಮ್ಮಪ್ಪನ ಕಾರು ಕಣೇ ಇದು!"

"ನಿಮ್ಮಪ್ಪನ್ನ ಕೊನೇವರೆಗೂ ನೋಡ್ಕೊಂಡೋಳು ನಾನು. ನೀವು ಕಾರು ನೋಡ್ಕೊಂಡ್ರಿ. ಬೆಳಕಿಗೆ ಅಡ್ಡ ನಿಲ್ಬೇಡಿ."

ಅವನು ಕಕ್ಕಾಬಿಕ್ಕಿಯಾದ. ಆದರೂ ಅವಳ ತೋಳಿನ ಕೆಳಗೆ ಕೈ ತೂರಿಸಿ ಮುಚ್ಚಳ ಹಿಡಿಯಲು ಹೋದ. ಅವಳು ಸ್ಕ್ರೂಡ್ರೈವರಿನ ಹಿಡಿಯಿಂದ ಅವನ ಬೆರಳ ಗೆಣ್ಣಿಗೆ ಟಕ್ಕೆಂದು ಬಾರಿಸಿದಳು. ನೋವಾಗುವಷ್ಟೇ. ಅವನು ಕೈ ಹಿಂತೆಗೆದುಕೊಂಡು ಬೆರಳು ಬಾಯಿಗಿಟ್ಟುಕೊಂಡ.

ಅವಳು ಆಕ್ಸಿಲರೇಟರಿನ ಕಡ್ಡಿಯನ್ನು ಅರ್ಧ ತೆರೆದು ಹಿಡಿದು, ಮೂರು ಸ್ಕ್ರೂ ಸಡಿಲಿಸಿ, ಮುಚ್ಚಳವನ್ನು ಹಿಂದಕ್ಕೆ ತಿರುಗಿಸಿದಳು. ಬಿಲ್ಲೆ ತೆರೆದುಕೊಂಡಿತು. ಈಗ ಮುಂದಕ್ಕೆ, ಮೆಲ್ಲಗೆ, ದಾರದ ಬಿಗಿ ನೋಡುವ ಹಾಗೆ. ಬಿಲ್ಲೆ ಕೂತಿತೋ ಇಲ್ಲವೋ ಎನ್ನುವಷ್ಟಕ್ಕೆ ನಿಲ್ಲಿಸಿದಳು. ಬೆರಳಿನಿಂದ ಒತ್ತಿದರೆ ಸಲೀಸಾಗಿ ತಗ್ಗಿತು, ಬಿಟ್ಟರೆ ಮತ್ತೆ ಬಂದು ಕೂತಿತು. ಸ್ಕ್ರೂ ಬಿಗಿದಳು. ಫಿಲ್ಟರ್ ಕೂರಿಸಿ ಬಾನೆಟ್ ಇಳಿಸಿದಳು.

ಸೀಟಿನಲ್ಲಿ ಕೂತು ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ತುಳಿದು ಬಿಟ್ಟಳು. ಕೀ ತಿರುಗಿಸಿದಳು.

ಕಾರು ಎದ್ದಿತು. ಜೋರಾಗಿ, ಒರಟಾಗಿ, ಪಕ್ಕದ ಮನೆಯ ಕಿಟಕಿ ತೆರೆಯುವಷ್ಟು. ಹೊಗೆ ಬಿಳಿಯಾಗಿತ್ತು, ತೆಳುವಾಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಪೆಡಲನ್ನು ಹಗುರವಾಗಿ ತಟ್ಟಿದಳು. ಅಬ್ಬರ ಇಳಿದು ಇಂಜಿನ್ ಸಮನಾಗಿ ಗುನುಗತೊಡಗಿತು.

ಗಂಡ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ.

"ಐದು ನಿಮಿಷ ಇರು, ಷರ್ಟ್ ಹಾಕ್ಕೊಂಡು ಬರ್ತೀನಿ."

"ಬೇಡ. ಪೇಪರ್ ಬಂದಿದೆ, ಓದ್ಕೊಳ್ಳಿ."

"ದಾರೀಲಿ ನಿಂತ್ಹೋದ್ರೆ?"

"ನಿಂತ್ರೆ ನಾನೂ ನಿಲ್ತೀನಿ. ಗೇಟ್ ಬಿಡಿ, ರಿವರ್ಸ್ ಬರ್ತಿದೀನಿ. ನಿಮ್ಮನ್ನ ಗುದ್ದಿದ್ರೆ ಕಾರಿನ ಪಾಲಿಶ್ ಹಾಳಾಗುತ್ತೆ."

ಅವಳು ಗೇರ್ ಹಾಕಿದಳು. ಕಾರು ಒಂದು ಮೊಳ ಸರಿಯಿತು. ಇನ್ನೊಂದು ಮೊಳ. ಅವನು ಕನ್ನಡಿಯೊಳಗೆ ಅವಳ ಮುಖ ಹುಡುಕಿದ. ಸಿಕ್ಕಿತು. ಗೇಟು ತೆರೆದು ಪಕ್ಕಕ್ಕೆ ಸರಿದ. ಅವಳು ಥ್ಯಾಂಕ್ಸ್ ಎನ್ನಲಿಲ್ಲ.

ದೊಡ್ಡ ಸಿಗ್ನಲ್ಲಿನಲ್ಲಿ ಕಾರು ನಿಂತೇ ಹೋಯಿತು. ಹಸಿರು ಬಿತ್ತು, ಹಿಂದಿನಿಂದ ಹಾರನ್ನುಗಳ ಸುರಿಮಳೆ. ಅವಳು ಇಳಿದು ಬಾನೆಟ್ ಎತ್ತಿದಳು. ಐಡ್ಲಿಂಗ್, ಅಂದರೆ ಕಾರು ನಿಂತಾಗ ಇಂಜಿನ್ ಓಡುವ ವೇಗ, ತೀರಾ ಕಡಿಮೆಯಿತ್ತು. ಅದನ್ನು ನೋಡುವುದನ್ನೇ ಮರೆತಿದ್ದಳು. ಅದರ ಸ್ಕ್ರೂವನ್ನು ಅರ್ಧ ಸುತ್ತು ಒಳಕ್ಕೆ ಕೊಟ್ಟಳು. ಹಿಂದಿನ ವ್ಯಾನಿನವನು ತಲೆ ಹೊರಗೆ ಹಾಕಿದ.

"ಏನಮ್ಮ, ಮನೇಲಿ ಗಂಡಸ್ರು ಯಾರೂ ಇಲ್ವಾ?"

"ಇದಾರಲ್ಲ," ಎಂದಳು ಅವಳು, ಬಾನೆಟ್ ಧಡ್ಡನೆ ಮುಚ್ಚಿ. "ಮನೇಲೇ ಇದಾರೆ."