ನೀರಿನ ಹದ

ಅರವತ್ತೇಳಾದರೂ ನಾನಿನ್ನೂ ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತೇನೆ. ಬಿಟ್ಟರೆ ನಮ್ಮ ಯಜಮಾನರಿಗೆ ಔಷಧಿ ಯಾರು ತಂದುಕೊಡುತ್ತಾರೆ? ಲಕ್ವ ಹೊಡೆದು ಅವರ ಬಲಗೈ, ಮಾತು ಎರಡೂ ಹೋಗಿವೆ. ಎರಡು ವರ್ಷದಿಂದ ನನ್ನ ಬೆರಳುಗಳೂ ಜೋಮು ಹಿಡಿದು ಕೂತಿವೆ. ಇಸ್ತ್ರಿ ಪೆಟ್ಟಿಗೆ ತಾಗಿದರೂ ಉರಿಯಲ್ಲ. "ನಿಮ್ಮದು ಕಲ್ಲಿನ ಕೈ ಬಿಡಿ ಅಕ್ಕಾ" ಅಂತ ಮೇಸ್ತ್ರಿ ನಗುತ್ತಾನೆ. ಡಾಕ್ಟರಿಗೆ ತೋರಿಸಲು ರಜೆ ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾನೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊತ್ತಾಗಿತ್ತು. ಅವರನ್ನು ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂರಿಸಿ, ಎಂದಿನಂತೆ ಬಕೆಟ್ಟಿಗೆ ಕೈ ಅದ್ದಿ ನೋಡಿದೆ. ತಣ್ಣಗಿದೆ ಅನ್ನಿಸಿ ಇನ್ನಷ್ಟು ಬಿಸಿನೀರು ಬೆರೆಸಿದೆ. ಮೊದಲ ಚೊಂಬಿಗೇ ಅವರು ಮೈ ಕೊಸರಿದರು. "ದಿನಾ ಇದೇ ಗೋಳು. ಸುಮ್ಮನೆ ಕೂತ್ಕೊಳ್ರೀ" ಎಂದು ಗದರಿ ಬೆನ್ನಿಗೆ ಇನ್ನೂ ಮೂರು ಚೊಂಬು ಸುರಿದೆ.

ಟವಲು ಒತ್ತಿದಾಗ ಭುಜದ ಚರ್ಮ ಸುಲಿದು ಬಂತು.

ಆಗ ಕೆಳಗೆ ನೋಡಿದೆ. ಕುರ್ಚಿ ಹಿಡಿದಿದ್ದ ನನ್ನ ಬೆರಳುಗಳನ್ನು ಅವರು ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಉಗುರು ಊರಿದ ಕಡೆ ರಕ್ತ ಬಂದಿತ್ತು. ಯಾವಾಗಿನಿಂದ ಹಿಡಿದಿದ್ದರೋ, ನನಗೆ ಗೊತ್ತೇ ಆಗಿರಲಿಲ್ಲ.