ಅಂಕಿಗಳಿಲ್ಲದ ರಿಮೋಟ್

ನಾನು ಒಂದು ರಿಮೋಟ್. ಕಾರ್ಖಾನೆಯಲ್ಲಿ ಹುಟ್ಟುವಾಗಲೇ ನನ್ನ ಹಣೆಬರಹ ಕೆಟ್ಟಿತ್ತು. ಕಂಪನಿಯವರು ನನ್ನ ಮೈಮೇಲಿನ ನಾಲ್ಕು ದೊಡ್ಡ ಗುಂಡಿಗಳನ್ನು ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವವರಿಗೆ ಮಾರಿಕೊಂಡರು. ಜಾಗ ಸಾಲದೆಂದು ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನೇ ಕಿತ್ತುಹಾಕಿದರು. ಇದಕ್ಕೆ ಅವರು ಸುಧಾರಣೆ ಎಂದು ಹೆಸರಿಟ್ಟರು.

ನನ್ನನ್ನೂ ನನ್ನ ಟಿವಿಯನ್ನೂ ಕೊಂಡವನು ರಾಮದುರ್ಗದಲ್ಲಿ ಸೈಕಲ್ ರಿಪೇರಿ ಮಾಡುವ ಮಲಕಾಜಪ್ಪ. ಕೊಂಡಿದ್ದು ಹೆಂಡತಿ ಕಾಶವ್ವನಿಗಾಗಿ. ಹಿಂದಿನ ವರ್ಷ ಸರ್ಕಾರಿ ಚಾನಲ್‌ನವರು ಬಂದು, ಕಾಶವ್ವ ಮತ್ತು ಅವಳ ಅಕ್ಕ ಗೌರವ್ವ ಬೀಸುವ ಪದ ಹಾಡುವುದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗಿದ್ದರು. ಬೀಸುಕಲ್ಲಿನ ಆಚೆ ಒಬ್ಬಳು, ಈಚೆ ಒಬ್ಬಳು. ಗೌರವ್ವ ಸಾಲು ಎತ್ತಬೇಕು, ಕಾಶವ್ವ ಹಿಡಿಯಬೇಕು. ಚಾನಲ್‌ನವರು ಇಂದು ನಾಳೆ ಎನ್ನುವಷ್ಟರಲ್ಲಿ ಗೌರವ್ವ ತೀರಿಕೊಂಡಳು. ಅವಳ ದನಿ ಮನೆಯ ಯಾವ ಮೊಬೈಲಿನಲ್ಲೂ ಇರಲಿಲ್ಲ.

ಕೊನೆಗೊಮ್ಮೆ ಪತ್ರ ಬಂತು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರಸಾರ. "ನಿಮ್ಮಕ್ಕನ್ನ ದೊಡ್ಡ ಟಿವ್ಯಾಗ ನೋಡೂಣು" ಎಂದು ಮಲಕಾಜಪ್ಪ, ಚೆನ್ನಾಗಿಯೇ ಇದ್ದ ಹಳೆಯ ಟಿವಿಯನ್ನು ಅಂಗಡಿಗೆ ಕೊಟ್ಟು ನಮ್ಮನ್ನು ತಂದ. ತಂದವನೇ ನನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಬಿಗಿದ. ಈ ಊರಿನಲ್ಲಿ ರಿಮೋಟಿಗೆ ಅದೇ ಮರ್ಯಾದೆ. ಮಾತನ್ನು ಟಿವಿಗೆ ದಾಟಿಸುವ ನನ್ನ ಕಿವಿ ನೆತ್ತಿಯ ಮೇಲಿನ ಸಣ್ಣ ತೂತು. ಅದೂ ಮುಚ್ಚಿಹೋಯಿತು.

ಮಂಗಳವಾರ ಅರ್ಧ ಓಣಿ ಬಂದು ಕೂತಿತ್ತು. ಚುನಮುರಿ, ಚಹಾ ಎಲ್ಲ ಆಯಿತು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಪರದೆಯ ಮೇಲೆ ಅಪ್‌ಡೇಟ್ ಬಂತು. ಅದು ಮುಗಿದರೆ ಇಮೇಲ್ ಕೇಳಿತು, ಇಮೇಲ್ ಕೊಟ್ಟರೆ ಪಾಸ್‌ವರ್ಡ್. ಬೆರಳು ತಪ್ಪಿ ಕೆಂಪು ಗುಂಡಿ ಒತ್ತಿದರೆ ಸಿನಿಮಾದವರು ಚಂದಾ ಕಟ್ಟಿ ಎಂದರು. ಬಾಯಲ್ಲಿ ಹೇಳಿದರೂ ನಡೆಯುತ್ತದೆಂದು ಯಾರೋ ಅಂದರು. ಕಾಶವ್ವ ನನ್ನನ್ನು ಬಾಯಿಯ ಹತ್ತಿರ ಹಿಡಿದು, "ಸರ್ಕಾರಿ ಚಾನಲ್ ಹಚ್ಚಪಾ" ಎಂದು ಮೂರು ಸಲ ಬೇಡಿಕೊಂಡಳು. ಪ್ಲಾಸ್ಟಿಕ್ಕಿನೊಳಗಿಂದ ನಾನು ಟಿವಿಗೆ ದಾಟಿಸಿದ್ದು ಬರೀ ಗುಜುಗುಜು. 'ಕ್ಷಮಿಸಿ, ಅರ್ಥವಾಗಲಿಲ್ಲ' ಎಂದು ಪರದೆ ಮೂರು ಸಲವೂ ಬರೆಯಿತು. ನನಗೆ ನಾಚಿಕೆಯಾಯಿತು.

ಮಲಕಾಜಪ್ಪ ಕಂಪನಿಗೆ ಫೋನ್ ಹಚ್ಚಿದ. "ಹಳೇ ಟಿವ್ಯಾಗ ಎರಡು ಗುಂಡಿ ಒತ್ತಿದ್ರ ಬರ್ತಿತ್ರೀ."

"ಸರ್, ಹಳೆ ಟಿವಿಗೆ ನಾವು ಸಪೋರ್ಟ್ ಕೊಡೋದಿಲ್ಲ."

ಹನ್ನೊಂದೂ ನಲವತ್ತಕ್ಕೆ ಹೇಗೋ ಚಾನಲ್ ಸಿಕ್ಕಿತು. ನೋಡಿದರೆ ಯಾರೋ ರಿಬ್ಬನ್ ಕತ್ತರಿಸುತ್ತಿದ್ದಾರೆ, ಅದರ ನೇರಪ್ರಸಾರ! ಜನಪದ ಕಾರ್ಯಕ್ರಮ ಮುಂದೂಡಲಾಗಿದೆ ಎಂದು ಕೆಳಗೊಂದು ಸಾಲು. ಯಾವಾಗ ಎಂಬುದಿಲ್ಲ. ಅಷ್ಟು ಹೊತ್ತು ನಾನು ತಿಂದ ಬೈಗುಳದಲ್ಲಿ ಅರ್ಧ ಚಾನಲ್‌ನವರಿಗೆ ಸಲ್ಲಬೇಕಾದದ್ದು ಎಂದು ಆಗ ತಿಳಿಯಿತು.

ಹಾಲು ಮಾರುವ ಪಕ್ಕದ ಮನೆಯ ತಿಪ್ಪವ್ವ, "ಹೋಗ್ಲಿ ಬಿಡು, ನೀನ ಒಂದು ಹಾಡು" ಎಂದಳು.

"ಎತ್ತಾಕ ಅಕ್ಕ ಇಲ್ಲ. ನನಗ ಹಿಡಿಯೂದಷ್ಟ ಗೊತ್ತು" ಎಂದಳು ಕಾಶವ್ವ.

ಮುಂದೆ ಒಂದು ತಿಂಗಳು ಮಲಕಾಜಪ್ಪ ಚಾನಲ್‌ನ ಕಚೇರಿಗೆ ಫೋನ್ ಮಾಡಿದ. ಇವರು ಅವರನ್ನು ಕೇಳಿ ಎಂದರು, ಅವರು ಪತ್ರ ಬರೆಯಿರಿ ಎಂದರು. ಒಂದು ದಿನ ಅವನಿಗೆ ತಲೆಕೆಟ್ಟು ನನ್ನ ಬ್ಯಾಟರಿ ಕಿತ್ತು ಗೋಡೆಯ ಗಡಿಯಾರಕ್ಕೆ ಹಾಕಿದ. ಅಂದಿನಿಂದ ಟಿವಿ ಹಚ್ಚಿಲ್ಲ, ನಾನು ಗೋಡೆಯ ಮಾಡದಲ್ಲಿ, ಖಾಲಿ ಎಣ್ಣೆ ಸೀಸೆಯ ಪಕ್ಕದಲ್ಲಿ ಬಿದ್ದಿದ್ದೇನೆ.

ಇವತ್ತು ತಿಪ್ಪವ್ವ ಹಾಲು ತಂದವಳು ಬಾಗಿಲಲ್ಲೇ ನಿಂತು ಹೇಳಿದಳು. "ನಿನ್ನೆ ಮುಂಜಾನೆ ಐದೂವರಿಗೆ ನೀವಿಬ್ರೂ ಟಿವ್ಯಾಗ ಬಂದಿದ್ರಿ. ಹೋದ ವಾರ ಅಂಗಡಿಯಿಂದ ತಂದೆನಲ್ಲ, ನಿಮ್ಮ ಹಳೇ ಟಿವಿ, ಅದರಾಗ. ನೀನೂ ನೋಡಾಕತ್ತಿರ್ತಿ ಅಂತ ಕರೀಲಿಲ್ಲ."

ನಿನ್ನೆ ಐದೂವರೆಗೆ ನಾನು ಟಿವಿಯಿಂದ ಎರಡು ಮಾರು ದೂರದಲ್ಲಿದ್ದೆ. ಗಡಿಯಾರ ನನ್ನ ಬ್ಯಾಟರಿಯಿಂದಲೇ ಸರಿಯಾದ ಹೊತ್ತು ತೋರಿಸುತ್ತಿತ್ತು. ಈ ಹೊಟ್ಟೆಯುರಿಯನ್ನು ನಾನು ಯಾವ ಕಸ್ಟಮರ್ ಕೇರಿಗೆ ಹೇಳಲಿ?

ಕಾಶವ್ವ ಹಾಲಿನ ಪಾತ್ರೆ ಕೆಳಗಿಟ್ಟಳು.

"ಅಕ್ಕ ನಗ್ತಿದ್ಲೇನು?"

"ಹೂಂ. ಸಾಲು ಎತ್ತಿದಾಗೊಮ್ಮೆ ನಿನ್ನ ಮಾರಿ ನೋಡಿ ನಗ್ತಿದ್ಲು."

"ಒಳಗ ಬಾ, ಕುಂದ್ರು" ಎಂದಳು ಕಾಶವ್ವ. "ಮೊದಲಿಂದ ಹೇಳು."